ತೌಡು, ನುಚ್ಚು, ಬನ್ನು: ಓದುಗರ ಪ್ರಶ್ನೆಗಳಿಗೆ ಬೇಕರಿಯವಳ ಉತ್ತರ

ಕಳೆದ ಸಂಚಿಕೆಯಲ್ಲಿ ತೌಡು, ಅಂದರೆ ಅಕ್ಕಿ ಪಾಲಿಶ್ ಮಾಡುವಾಗ ಉದುರುವ ಕಂದು ಪುಡಿ, ಬೆರೆಸಿದ ಬನ್ನಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಕೊಡಗಿನ ಎಲ್ಲ ಕಡೆಯಿಂದ ಪತ್ರಗಳು ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ. ಹೊಸ ಓದುಗರಿಗೆ ಒಂದು ಮಾತು: ನಾನು ವಿರಾಜಪೇಟೆ ಕಡೆಯವಳು. ಅಪ್ಪ ಭತ್ತದ ಮಿಲ್ಲು ನಡೆಸುತ್ತಿದ್ದರು, ನಾನು ಬೇಕರಿ ನಡೆಸುತ್ತೇನೆ. ಮಿಲ್ಲಿನಿಂದ ದನದ ಕೊಟ್ಟಿಗೆಗೆ ಹೋಗುವ ಮೂಟೆಯಲ್ಲಿ ಎಷ್ಟು ಒಳ್ಳೆಯ ಆಹಾರ ಇದೆ ಅನ್ನೋದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ವಿಷಯ. ಆದರೆ ಅದು ಒಳ್ಳೆಯದಾಗಿ ಉಳಿಯುವುದು ಕೆಲವೇ ಗಂಟೆ. ಬಂದ ಪ್ರಶ್ನೆಗಳಲ್ಲಿ ಅರ್ಧದಷ್ಟು ಅಲ್ಲಿಗೇ ಬಂದು ನಿಲ್ಲುತ್ತವೆ.

ನಮ್ಮೂರ ಮಿಲ್ಲಿನಿಂದ ತೌಡು ತಂದು, ಜರಡಿ ಹಿಡಿದು, ಗೋಧಿ ಹಿಟ್ಟಿಗೆ ಬೆರೆಸಿ ಬ್ರೆಡ್ ಮಾಡಿದೆ. ಮೊದಲ ದಿನ ಪರವಾಗಿಲ್ಲ ಅನ್ನಿಸಿತು. ಒಂದು ವಾರ ಬಿಟ್ಟು ಅದೇ ತೌಡಿನಲ್ಲಿ ಮಾಡಿದಾಗ ಕಹಿ, ಜೊತೆಗೆ ಸೋಪಿನಂಥ ವಾಸನೆ. ಬಾಯಲ್ಲಿ ಮರಳು ಸಿಕ್ಕಿದ ಹಾಗೂ ಆಯಿತು. ತಪ್ಪು ಎಲ್ಲಿ?
— ಗೃಹಿಣಿ, ಗೋಣಿಕೊಪ್ಪ

ನಿಮ್ಮ ಕೈಯಲ್ಲಿ ತಪ್ಪಿಲ್ಲ. ತೌಡಿನ ಗುಣವೇ ಹಾಗೆ. ಮೊದಲು ಕಹಿಯ ಮಾತು.

ಅಕ್ಕಿಯ ಮೇಲಿನ ಕಂದು ಪದರದಲ್ಲಿ ಶೇ 15ರಿಂದ 20ರಷ್ಟು ಎಣ್ಣೆ ಇರುತ್ತದೆ. ಆ ಎಣ್ಣೆಯನ್ನು ಒಡೆಯುವ ಲೈಪೇಸ್ ಅನ್ನುವ ಕಿಣ್ವವೂ ಅದೇ ಪದರದಲ್ಲಿದೆ. ಕಾಳು ಗಟ್ಟಿಯಾಗಿರುವ ತನಕ ಎರಡೂ ಬೇರೆ ಬೇರೆ ಜಾಗದಲ್ಲಿ ಇರುತ್ತವೆ. ಪಾಲಿಶ್ ಯಂತ್ರ ಪದರವನ್ನು ಉಜ್ಜಿ ಪುಡಿ ಮಾಡಿದ ಕ್ಷಣದಲ್ಲಿ ಸೇರುತ್ತವೆ. ಆಮೇಲೆ ಎಣ್ಣೆ ಒಡೆದು ಆಮ್ಲವಾಗುವುದು ಶುರು. ಬೆಚ್ಚಗಿನ, ತೇವದ ಜಾಗದಲ್ಲಿ ಒಂದೇ ದಿನದಲ್ಲಿ ಆಮ್ಲದ ಪ್ರಮಾಣ ಶೇ 5 ದಾಟಬಹುದು. ಅಷ್ಟಾದರೆ ಮನುಷ್ಯರ ಬಾಯಿಗೆ ರುಚಿಸುವುದಿಲ್ಲ. ನಮ್ಮ ಜೂನ್, ಜುಲೈ ತಿಂಗಳ ಗಾಳಿಯಲ್ಲಿ ಕೇಳಬೇಕೇ? ನೀವು ಒಂದು ವಾರ ಇಟ್ಟಿದ್ದೀರಿ. ಅದು ದನವೂ ಮೂಸಿ ಬಿಟ್ಟುಬಿಡುವ ಹಂತ.

ಇದಕ್ಕೆ ಮದ್ದು ಬಿಸಿ, ಅದೂ ಅದೇ ದಿನ. ಒಣ ಬಾಣಲೆಯಲ್ಲಿ ಸುಮ್ನೆ ಹುರಿದರೆ ಮೇಲ್ಮೈ ಕೆಂಪಾಗುತ್ತದೆ, ಒಳಗಿನ ಕಿಣ್ವ ಪೂರ್ತಿ ಸಾಯುವುದಿಲ್ಲ. ಹಬೆ ಹೆಚ್ಚು ಕೆಲಸ ಮಾಡುತ್ತದೆ. ನಾನು ಮಾಡುವುದು ಹೀಗೆ: ಮಿಲ್ಲಿನಿಂದ ತಂದ ತೌಡನ್ನು ಸಣ್ಣ ಜರಡಿಯಲ್ಲಿ ಹಿಡಿದು, ಕಡಂಬುಟ್ಟು (ನಮ್ಮ ಕಡೆಯ ಅಕ್ಕಿ ತರಿಯ ಕಡುಬು) ಬೇಯಿಸುವ ಹಬೆ ಪಾತ್ರೆಯಲ್ಲಿ ತೆಳು ಬಟ್ಟೆ ಹಾಸಿ, ಒಂದೂವರೆ ಇಂಚಿಗಿಂತ ದಪ್ಪ ಆಗದಂತೆ ಹರಡಿ, ಚೆನ್ನಾಗಿ ಹಬೆ ಬಂದ ಮೇಲೆ 15 ನಿಮಿಷ ಬೇಯಿಸುತ್ತೇನೆ. ಆಮೇಲೆ ತಟ್ಟೆಯಲ್ಲಿ ಹರಡಿ ಓವನ್ನಿನಲ್ಲಿ 110 ಡಿಗ್ರಿಯಲ್ಲಿ ಇಡುತ್ತೇನೆ. ನಡುನಡುವೆ ಕೈಯಾಡಿಸುತ್ತಾ, ಹಿಡಿದರೆ ಪುಡಿಪುಡಿ ಅನ್ನುವ ತನಕ ಒಣಗಬೇಕು. ಬೀಸಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿಗೆ. ಮೂರು ವಾರದೊಳಗೆ ಮುಗಿಸಿ. ಹದವಾಗಿ ಆದ ತೌಡಿಗೆ ಹುರಿದ ಕಡಲೆಕಾಯಿಯ ಪರಿಮಳ ಬರುತ್ತದೆ. ಆ ಪರಿಮಳ ಬ್ರೆಡ್ಡಿಗೂ ಇಳಿಯುತ್ತದೆ, ನಮ್ಮ ಗಿರಾಕಿಗಳು ಅದಕ್ಕೇ ಮತ್ತೆ ಕೇಳುತ್ತಾರೆ.

ಕುಚ್ಚಲಕ್ಕಿಯ ತೌಡಾದರೆ ನಿಮಗೆ ಸ್ವಲ್ಪ ಸಮಯ ಸಿಗುತ್ತದೆ. ಭತ್ತ ಬೇಯಿಸುವಾಗಲೇ ಕಿಣ್ವದ ಕಥೆ ಬಹುಪಾಲು ಮುಗಿದಿರುತ್ತದೆ. ಹಾಗಂತ ತಿಂಗಳುಗಟ್ಟಲೆ ಇಡಬೇಡಿ. ಗಾಳಿ ತಾಗಿ ಎಣ್ಣೆ ಕಮಟುವುದು ಬೇರೆ ದಾರಿ, ಅದು ನಿಲ್ಲುವುದಿಲ್ಲ.

ಇನ್ನು ಮರಳಿನ ಮಾತು. ನಿಮ್ಮ ಮಿಲ್ಲಿನಲ್ಲಿ ಯಾವ ಯಂತ್ರ ಇದೆ, ನೋಡಿದ್ದೀರಾ? ಹಳೆಯ ಹಲ್ಲರ್ ಆದರೆ ಹೊಟ್ಟು ಸುಲಿಯುವುದೂ ಪಾಲಿಶ್ ಮಾಡುವುದೂ ಒಂದೇ ಉರುಳೆಯಲ್ಲಿ ಆಗುತ್ತದೆ. ಹೊಟ್ಟು, ತೌಡು, ನುಚ್ಚು ಎಲ್ಲ ಸೇರಿ ಒಂದೇ ಕಡೆ ಬೀಳುತ್ತದೆ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಜಾಸ್ತಿ. ನಿಮ್ಮ ಹಲ್ಲಿಗೆ ಸಿಕ್ಕಿದ್ದು ಅದೇ. ಎಷ್ಟು ಜರಡಿ ಹಿಡಿದರೂ ಪುಡಿಯಾದ ಹೊಟ್ಟು ಪೂರ್ತಿ ಹೋಗುವುದಿಲ್ಲ. ಆ ತೌಡು ದನಕ್ಕೆ ಸರಿ, ನಮಗೆ ಬೇಡ. ರಬ್ಬರ್ ರೋಲರಿನಲ್ಲಿ ಮೊದಲು ಹೊಟ್ಟು ಸುಲಿದು, ಬೇರೆ ಯಂತ್ರದಲ್ಲಿ ಪಾಲಿಶ್ ಮಾಡುವ ಮಿಲ್ಲು ಹುಡುಕಿ. ಅಲ್ಲಿ ತೌಡು ಬೇರೆಯೇ ಬೀಳುತ್ತದೆ, ಮುಟ್ಟಿದರೆ ಮೆತ್ತಗೆ, ಬೆರಳಿಗೆ ಜಿಡ್ಡು ಹತ್ತುತ್ತದೆ. 100 ಕೆಜಿ ಭತ್ತಕ್ಕೆ ಹೊಟ್ಟು ಸುಮಾರು 20 ಕೆಜಿ ಹೋದರೆ, ಒಳ್ಳೆಯ ತೌಡು ಸಿಗುವುದು 5ರಿಂದ 8 ಕೆಜಿ ಮಾತ್ರ. ಮಿಲ್ಲಿನವರಿಗೆ ಮೊದಲೇ ಹೇಳಿಡಿ: ಯಂತ್ರದ ಬಾಯಿಗೆ ಶುಭ್ರವಾದ ಚೀಲ ಕಟ್ಟಲಿ, ನೆಲದಿಂದ ಗುಡಿಸಿ ತುಂಬಿಸುವುದು ಬೇಡ. ಹೊಸ ಭತ್ತ ಮಿಲ್ಲಿಗೆ ಬರುವ, ನಮ್ಮ ಸುಗ್ಗಿ ಹಬ್ಬ ಹುತ್ತರಿ ನಂತರದ ತಿಂಗಳುಗಳು ಇದಕ್ಕೆ ಅತ್ಯುತ್ತಮ ಕಾಲ. ಗಾಳಿ ಒಣ, ಕಾಳು ತಾಜಾ.

ನಮ್ಮದು ಸಣ್ಣ ಬೇಕರಿ. 'ಪ್ರೋಟೀನ್ ಬ್ರೆಡ್' ಅಂತ ಬೋರ್ಡು ಹಾಕಿದರೆ ಈಗಿನ ಕಾಲಕ್ಕೆ ಚೆನ್ನಾಗಿ ಹೋಗುತ್ತದೆ. ಮೈದಾಕ್ಕೆ ಶೇ 10 ತೌಡು ಬೆರೆಸಿದರೆ ಸಾಕೇ?
— ಬೇಕರಿ ಮಾಲೀಕರು, ಕುಶಾಲನಗರ

ಸಾಲದು. ಬನ್ನಿ, ಲೆಕ್ಕ ಹಾಕೋಣ.

ಮೈದಾದಲ್ಲಿ 100 ಗ್ರಾಮಿಗೆ ಪ್ರೋಟೀನ್ ಸುಮಾರು 10.5 ಗ್ರಾಂ. ಎಣ್ಣೆ ತೆಗೆಯದ ತೌಡಿನಲ್ಲಿ 12ರಿಂದ 15, ನಡುವೆ 14 ಅಂತ ಇಟ್ಟುಕೊಳ್ಳಿ. 90 ಗ್ರಾಂ ಮೈದಾ, 10 ಗ್ರಾಂ ತೌಡು ಸೇರಿಸಿದರೆ ಬರುವುದು 10.85 ಗ್ರಾಂ. ಏರಿದ್ದು 0.35 ಗ್ರಾಂ! ಇದನ್ನು ಪ್ರೋಟೀನ್ ಬ್ರೆಡ್ ಅಂತ ಮಾರಲು ನನಗಂತೂ ಮನಸ್ಸು ಬರುವುದಿಲ್ಲ. ನಿಮಗೂ ಬೇಡ. ತೌಡಿನ ಒಳ್ಳೆಯತನ ಬೇರೆ ಇದೆ: ನಾರು, ಬಿ ಗುಂಪಿನ ವಿಟಮಿನ್, ಗೋಧಿಯಲ್ಲಿ ಕಡಿಮೆ ಇರುವ ಲೈಸಿನ್ (ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳಲ್ಲಿ ಒಂದು, ಅದು ಊಟದಿಂದಲೇ ಬರಬೇಕು). ಅದನ್ನು ಹೇಳಿ, ಧೈರ್ಯವಾಗಿ ಹೇಳಿ.

ಪ್ರೋಟೀನಿನ ಅಂಕಿಯೇ ಏರಬೇಕು ಅಂದರೆ ಬೇರೆ ಉಳಿಕೆಗಳ ಕಡೆ ನೋಡಬೇಕು. ಗೋಧಿ ಮಿಲ್ಲಿನಲ್ಲಿ ಬೇರೆಯಾಗಿ ಬೀಳುವ ಗೋಧಿ ಮೊಳಕೆಯಲ್ಲಿ, ಅಂದರೆ ಕಾಳಿನ ತುದಿಯ ಭ್ರೂಣದಲ್ಲಿ, ಪ್ರೋಟೀನ್ ಶೇ 25ರ ಆಸುಪಾಸು. ಹಸಿಯಾಗಿ ಹಾಕಿದರೆ ಅದರಲ್ಲಿರುವ ಗ್ಲುಟಾಥಯೋನ್ ಅನ್ನುವ ವಸ್ತು ನಾದಿದ ಹಿಟ್ಟನ್ನು ಸಡಿಲ ಮಾಡುತ್ತದೆ, ಬ್ರೆಡ್ ಚಪ್ಪಟೆಯಾಗುತ್ತದೆ. ಹದವಾಗಿ ಹುರಿದು ಹಾಕಿ. ಬೇಳೆ ಮಿಲ್ಲಿನ ಕಡಲೆಬೇಳೆ ನುಚ್ಚು ಇನ್ನೊಂದು. ಬೇಳೆಯ ಅಷ್ಟೇ ಪ್ರೋಟೀನ್, ಶೇ 20ಕ್ಕಿಂತ ಜಾಸ್ತಿ, ಬೆಲೆ ಮಾತ್ರ ಕಡಿಮೆ. ಹುರಿದು ನುಣ್ಣಗೆ ಬೀಸಿ ಹಾಕಿದರೆ ಹಸಿ ವಾಸನೆ ಇರುವುದಿಲ್ಲ. ಅಕ್ಕಿ ನುಚ್ಚನ್ನು ಮಾತ್ರ ಪ್ರೋಟೀನಿಗೆ ಅಂತ ಹಾಕಬೇಡಿ. ಅದರಲ್ಲಿ ಇರುವುದು 7 ಗ್ರಾಂ, ಮೈದಾಕ್ಕಿಂತ ಕಡಿಮೆ. ಅದರ ಜಾಗ ಕಡಂಬುಟ್ಟು, ಪಾಪುಟ್ಟಿನಂಥ ನಮ್ಮ ಅಕ್ಕಿ ತಿಂಡಿಗಳು.

ಅಂಗಡಿಯಲ್ಲಿ ಸಿಗುವ ಅಕ್ಕಿ ಪ್ರೋಟೀನ್ ಪುಡಿ ಎಲ್ಲಿಂದ ಬರುತ್ತದೆ ಗೊತ್ತಾ? ಬಹುಪಾಲು ಇದೇ ನುಚ್ಚಿನಿಂದ. ಕಾರ್ಖಾನೆಯವರು ನುಚ್ಚಿನ ಪಿಷ್ಟವನ್ನು ಕರಗಿಸಿ ಗ್ಲುಕೋಸ್ ಪಾಕ ಮಾಡುತ್ತಾರೆ, ಕರಗದೆ ಉಳಿಯುವುದು ಪ್ರೋಟೀನ್. ಶೇ 65 ಪ್ರೋಟೀನ್ ಇರುವ ಪುಡಿಯನ್ನು ಮೈದಾಕ್ಕೆ ಶೇ 5 ಹಾಕಿದರೂ ಲೆಕ್ಕ 13 ಗ್ರಾಂ ದಾಟುತ್ತದೆ. ಬೆಲೆ ಕೇಳಿದರೆ ಸಣ್ಣ ಬೇಕರಿಗೆ ಕಷ್ಟ.

ಒಂದು ಎಚ್ಚರಿಕೆ. ಕೆಲವರು ಅಂಕಿ ಏರಿಸಲು ಗ್ಲುಟನ್ ಪುಡಿ ಸುರಿಯುತ್ತಾರೆ. ಅದೂ ಉಳಿಕೆಯೇ, ಗೋಧಿಯ ಪಿಷ್ಟ ತೊಳೆದು ತೆಗೆದ ಮೇಲೆ ಸಿಗುವಂಥದ್ದು, ಶೇ 75ರಷ್ಟು ಪ್ರೋಟೀನ್. ಬ್ರೆಡ್ ಉಬ್ಬಲು ಸ್ವಲ್ಪ ಹಾಕುವುದು ತಪ್ಪಲ್ಲ. ಆದರೆ ಗೋಧಿ ಪ್ರೋಟೀನಿನ ಕೊರತೆ ಏನಿತ್ತೋ ಅದು ಗ್ಲುಟನ್‌ನಲ್ಲಿ ಇನ್ನೂ ಜಾಸ್ತಿ. ಗೋಧಿಯ 100 ಗ್ರಾಂ ಪ್ರೋಟೀನಿನಲ್ಲಿ ಲೈಸಿನ್ 3 ಗ್ರಾಂ ಕೂಡ ಇರುವುದಿಲ್ಲ. ಕಡಲೆಯಲ್ಲಿ 6ಕ್ಕಿಂತ ಹೆಚ್ಚು. ತೌಡು ಇವೆರಡರ ನಡುವೆ. ಗ್ಲುಟನ್ ಸುರಿದರೆ ಚೀಟಿಯಲ್ಲಿ ಅಂಕಿ ಏರುತ್ತದೆ, ಮಗುವಿನ ಮೈಗೆ ಅಷ್ಟು ಹತ್ತುವುದಿಲ್ಲ. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ.

ಬೋರ್ಡಿಗೆ ಕಾನೂನೂ ಇದೆ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2018ರ ನಿಯಮದ ಪ್ರಕಾರ 'ಪ್ರೋಟೀನ್ ಸಮೃದ್ಧ' ಅನ್ನಬೇಕಾದರೆ ಗಟ್ಟಿ ತಿನಿಸಿನ 100 ಗ್ರಾಮಿನಲ್ಲಿ ದಿನದ ಅಗತ್ಯದ ಶೇ 20 ಇರಬೇಕು. ವಯಸ್ಕ ಗಂಡಸಿಗೆ ದಿನಕ್ಕೆ 54 ಗ್ರಾಂ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ಅಂದರೆ 10.8 ಗ್ರಾಂ. ಅದು ಬೆಂದ ಬ್ರೆಡ್ಡಿನಲ್ಲಿ ಇರಬೇಕು, ಹಿಟ್ಟಿನಲ್ಲಿ ಅಲ್ಲ. ನೀರು ಸೇರಿದ ಮೇಲೆ 1 ಕೆಜಿ ಹಿಟ್ಟು ಒಂದೂವರೆ ಕೆಜಿ ಬ್ರೆಡ್ ಆಗುತ್ತದೆ ಅಲ್ವಾ? ಹಿಟ್ಟಿನಲ್ಲಿ 12 ಇದ್ದದ್ದು ಬ್ರೆಡ್ಡಿನಲ್ಲಿ 8ಕ್ಕೆ ಇಳಿಯುತ್ತದೆ. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸದೆ ಬೋರ್ಡು ಬರೆಸಬೇಡಿ.

ನಮ್ಮ ತೋಟದ ಲೈನ್ ಮನೆಗಳ (ಕಾರ್ಮಿಕರ ಸಾಲು ಮನೆಗಳ) ಮಕ್ಕಳು ಬೆಳಗ್ಗೆ ಕರಿ ಕಾಪಿಗೆ ರಸ್ಕ್ ಅದ್ದಿ ತಿಂದು ಶಾಲೆಗೆ ಹೋಗುತ್ತಾರೆ. ಅಮ್ಮಂದಿರಿಗೆ ಏಳು ಗಂಟೆಗೇ ಕೆಲಸ. ಅದೇ ರಸ್ಕನ್ನು ಸ್ವಲ್ಪ ಪೌಷ್ಟಿಕ ಮಾಡಲು ಆಗುತ್ತದೆಯೇ? ಖರ್ಚು ನಾವು ನೋಡಿಕೊಳ್ಳುತ್ತೇವೆ.
— ತೋಟದವರು, ಸಿದ್ದಾಪುರ

ಈ ಪತ್ರ ಓದಿ ತುಂಬಾ ಸಂತೋಷವಾಯಿತು. ಇದಕ್ಕೆ ಉತ್ತರ ಕೊಡಬೇಕೆಂದೇ ಈ ಅಂಕಣ ಇಷ್ಟು ಉದ್ದ ಬೆಳೆಸಿದ್ದೇನೆ.

ಮೊದಲ ಸಲಹೆ, ರಸ್ಕ್ ಬಿಟ್ಟು ಬನ್ ಮಾಡಿಸಿ. ರಸ್ಕ್ ಎರಡು ಸಲ ಬೇಯುತ್ತದೆ. ಹಿಟ್ಟು ಕೆಂಪಗಾಗುವಾಗ ಸಕ್ಕರೆಯ ಜೊತೆ ಸೇರಿ ಮೊದಲು ಹಾಳಾಗುವುದೇ ಲೈಸಿನ್. ತೆಳ್ಳಗೆ ಕತ್ತರಿಸಿ, ಎರಡೂ ಕಡೆ ಕೆಂಪಗೆ ಸುಟ್ಟರೆ ನಾವು ಕಷ್ಟಪಟ್ಟು ಸೇರಿಸಿದ್ದರಲ್ಲಿ ಒಂದು ಪಾಲು ಓವನ್ನಿಗೇ ಹೋಗುತ್ತದೆ. ಬನ್ನಿನಲ್ಲಿ ಮೇಲಿನ ಸಿಪ್ಪೆ ಮಾತ್ರ ಕೆಂಪು, ಒಳಗೆಲ್ಲ ಮೆತ್ತಗೆ ಬಿಳಿಯಾಗಿ ಉಳಿಯುತ್ತದೆ.

ನಾನು ಮಾಡುವ ಹಿಟ್ಟಿನ ಅಳತೆ ಕೊಡುತ್ತೇನೆ. ಮೈದಾ ಅರ್ಧ ಕೆಜಿ, ಗೋಧಿ ಹಿಟ್ಟು 350 ಗ್ರಾಂ, ಹುರಿದ ಕಡಲೆ ನುಚ್ಚಿನ ಹಿಟ್ಟು 80 ಗ್ರಾಂ, ಹಬೆಯಲ್ಲಿ ಬೇಯಿಸಿ ಒಣಗಿಸಿದ ತೌಡು 70 ಗ್ರಾಂ. ಉಪ್ಪು 16 ಗ್ರಾಂ, ಬೆಲ್ಲ 60 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 8 ಗ್ರಾಂ, ಎಣ್ಣೆ 30 ಗ್ರಾಂ. ನೀರು 680 ಮಿಲಿಯಿಂದ ಶುರು ಮಾಡಿ, ಕೈ ಕೇಳಿದಷ್ಟು ಸೇರಿಸಿ. ಈ ಮಿಶ್ರಣದ ಹಿಟ್ಟಿನಲ್ಲಿ ಪ್ರೋಟೀನ್ 100 ಗ್ರಾಮಿಗೆ 12 ಗ್ರಾಂ ದಾಟುತ್ತದೆ. ಬರೀ ಮೈದಾಕ್ಕಿಂತ ಒಂದೂಮುಕ್ಕಾಲು ಗ್ರಾಂ ಹೆಚ್ಚು. ಅಂಕಿ ನೋಡಿದರೆ ಸಣ್ಣದು. ಆದರೆ ಇದು ಕಡಲೆ ಮತ್ತು ತೌಡಿನ ಪ್ರೋಟೀನ್ ಸೇರಿದ್ದು, ಗೋಧಿಯ ಲೈಸಿನ್ ಕೊರತೆಯನ್ನು ತುಂಬುವಂಥದ್ದು. 60 ಗ್ರಾಮಿನ ಒಂದು ಬನ್ನಿನಲ್ಲಿ ನಾಲ್ಕೂವರೆ ಗ್ರಾಮಿನಷ್ಟು ಸಿಗುತ್ತದೆ. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 16 ಗ್ರಾಂ. ಬೆಳಗಿನ ಒಂದು ಬನ್ ಕಾಲು ಭಾಗಕ್ಕಿಂತ ಹೆಚ್ಚು ಕೊಟ್ಟಿತು ಅಂದರೆ ಅದು ಸಣ್ಣ ವಿಷಯ ಅಲ್ಲ.

ನಾದಿದ ಹಿಟ್ಟನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಗ್ಗೆ ಸುಡಿ. ಅದಕ್ಕೆ ಕಾರಣ ಇದೆ. ತೌಡಿನಲ್ಲಿ ಫೈಟಿಕ್ ಆಮ್ಲ ಜಾಸ್ತಿ, ಅದು ಕಬ್ಬಿಣ ಮತ್ತು ಸತುವನ್ನು ಹಿಡಿದಿಟ್ಟುಕೊಂಡು ಮೈಗೆ ಸೇರಲು ಬಿಡುವುದಿಲ್ಲ. ನಿಧಾನವಾಗಿ ಹುಳಿಯುವಾಗ ಅದರಲ್ಲಿ ಒಂದಷ್ಟು ಒಡೆಯುತ್ತದೆ. ಇನ್ನೊಂದು ಮಾತು, ಬನ್ನಿನ ಜೊತೆ ಕಾಪಿ ಬೇಡ. ಕಾಪಿಯೂ ಕಬ್ಬಿಣಕ್ಕೆ ಅಡ್ಡ ಬರುತ್ತದೆ. ಕಾಪಿ ತೋಟದಲ್ಲೇ ಇದ್ದು ಇದನ್ನು ಹೇಳುವುದು ಕಷ್ಟ, ಆದರೂ ಮಕ್ಕಳಿಗೆ ಹಾಲು ಕೊಡಿಸಿ. ಹಾಲಿನಲ್ಲೂ ಲೈಸಿನ್ ಧಾರಾಳ. ಒಂದು ಲೋಟ ಹಾಲು, ಒಂದು ಬನ್, ಅಷ್ಟಾದರೆ ಆ ಮಗು ಶಾಲೆಯಲ್ಲಿ ಹಸಿದು ಕೂರುವುದಿಲ್ಲ.

ತೌಡಿನ ಪ್ರಮಾಣವನ್ನು ಶೇ 7ಕ್ಕಿಂತ ಏರಿಸಬೇಡಿ. ಅಕ್ಕಿ ಬೆಳೆ ನೆಲದಿಂದ ಆರ್ಸೆನಿಕ್ ಹೀರುತ್ತದೆ. ಅದು ಬಿಳಿ ಅಕ್ಕಿಗಿಂತ ಹೊರಪದರದಲ್ಲಿ ಹೆಚ್ಚು ಸೇರಿರುತ್ತದೆ. ದೊಡ್ಡವರಿಗೆ ಬ್ರೆಡ್ಡಿನಲ್ಲಿ ಸ್ವಲ್ಪ ತಿಂದರೆ ಚಿಂತೆ ಇಲ್ಲ. ಚಿಕ್ಕ ಮಕ್ಕಳಿಗೆ ಪ್ರತಿದಿನ ತಿನ್ನಿಸುವಾಗ ಕೈ ಬಿಗಿ ಹಿಡಿಯಬೇಕು. ಎರಡು ವರ್ಷದೊಳಗಿನ ಮಕ್ಕಳ ಬನ್ನಿಗೆ ತೌಡು ಬಿಟ್ಟು ಅಷ್ಟೇ ತೂಕ ಕಡಲೆ ಹಿಟ್ಟು ಹಾಕಿ.

ಇಂಥ ಕೆಲಸಕ್ಕೆ ನಮ್ಮ ಪಕ್ಕದಲ್ಲೇ ಹಳೆಯ ಮಾದರಿ ಇದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಲ್ಲಿ ಶುರುವಾಯಿತು. ಮೊದಲ ವರ್ಷಗಳಲ್ಲೇ ಅಲ್ಲಿ ಎಣ್ಣೆ ತೆಗೆದ ಕಡಲೆಕಾಯಿ ಹಿಂಡಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು ಸೇರಿಸಿ ಬಡ ಮಕ್ಕಳಿಗಾಗಿ ಬಹೂಪಯೋಗಿ ಆಹಾರ ಮಾಡಿದ್ದರು. ದನಕ್ಕೆ ಹೋಗುತ್ತಿದ್ದ ಹಿಂಡಿಯನ್ನು ಶುಚಿಯಾಗಿ ತೆಗೆದರೆ ಮಕ್ಕಳ ತಟ್ಟೆಗೆ ಬರುತ್ತದೆ ಅಂತ ಅವರು ಅಂದೇ ತೋರಿಸಿದರು. ನೀವು ಶುರು ಮಾಡುವುದಾದರೆ ಪತ್ರಿಕೆಯ ಮೂಲಕ ನನಗೆ ತಿಳಿಸಿ. ಸಿದ್ದಾಪುರದ ಯಾವುದಾದರೂ ಬೇಕರಿಯಲ್ಲಿ ನಾನೇ ಬಂದು ನಾದಿ ತೋರಿಸುತ್ತೇನೆ.

ತೌಡು ಹಾಕಿದ ದಿನ ಬ್ರೆಡ್ ಉಬ್ಬುವುದೇ ಇಲ್ಲ. ಇಟ್ಟಿಗೆ ಆಗುತ್ತದೆ.
— ಓದುಗರು, ಸೋಮವಾರಪೇಟೆ

ಮೂರು ಕಾರಣ ಇರಬಹುದು. ತೌಡಿನಲ್ಲಿ ಗ್ಲುಟನ್ ಇಲ್ಲ, ಅದು ಸೇರಿದಷ್ಟು ಗ್ಲುಟನ್ ತೆಳುವಾಗುತ್ತದೆ. ತೌಡಿನ ಒರಟು ಚೂರುಗಳು ಗಾಳಿ ಗುಳ್ಳೆಗಳ ಪೊರೆಯನ್ನು ಚುಚ್ಚುತ್ತವೆ. ಮತ್ತೆ ಅದು ನೀರನ್ನು ಹೀರುತ್ತಲೇ ಇರುತ್ತದೆ, ನಾದುವಾಗ ಸರಿ ಇದ್ದ ಹಿಟ್ಟು ಅರ್ಧ ಗಂಟೆಗೆ ಗಟ್ಟಿಯಾಗುತ್ತದೆ. ಬಹಳ ಜನ ಯೀಸ್ಟ್ ಹೆಚ್ಚಿಸುತ್ತಾರೆ. ಅದರಿಂದ ಹುಳಿ ವಾಸನೆ ಬರುತ್ತದೆಯೇ ಹೊರತು ಬ್ರೆಡ್ ಏಳುವುದಿಲ್ಲ.

ತೌಡನ್ನು ಮೈದಾದಷ್ಟು ನುಣ್ಣಗೆ ಬೀಸಿ. ನಾದುವ ಮೊದಲು ಅದನ್ನು ಅದರ ಎರಡರಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಮೊದಲು ಮೈದಾ, ಗೋಧಿ ಹಿಟ್ಟನ್ನು ಚೆನ್ನಾಗಿ ನಾದಿ, ಎಳೆದರೆ ತೆಳು ಪರದೆಯ ಹಾಗೆ ಹಿಗ್ಗಬೇಕು. ಆಮೇಲೆ ನೆನೆದ ತೌಡು ಸೇರಿಸಿ. ಹಿಟ್ಟು ಕೈಗೆ ಸ್ವಲ್ಪ ಅಂಟುವಂತೆಯೇ ಇರಲಿ. ಮಡಿಕೇರಿ, ಸೋಮವಾರಪೇಟೆಯ ಚಳಿಯಲ್ಲಿ ಉಬ್ಬಲು ಮೈಸೂರಿಗಿಂತ ಜಾಸ್ತಿ ಹೊತ್ತು ಬೇಕು. ಗಡಿಯಾರ ನೋಡಬೇಡಿ, ಹಿಟ್ಟು ನೋಡಿ.

ಮಗ ಬೆಂಗಳೂರಿನ ಬಿಯರ್ ತಯಾರಿಸುವ ಜಾಗದಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿ ಬಾರ್ಲಿ ಚರಟ ರಾಶಿ ರಾಶಿ ಬೀಳುತ್ತದಂತೆ. ಅದರಲ್ಲಿ ಪ್ರೋಟೀನ್ ಬಹಳ ಅಂತಾನೆ. ನಮ್ಮ ಹೋಂಸ್ಟೇ ಅತಿಥಿಗಳಿಗೆ ಅದರಿಂದ ಬಿಸ್ಕತ್ತು ಮಾಡಬಹುದೇ? ಅಮಲಿನ ಅಂಶ ಇರುತ್ತದೆಯೇ ಅನ್ನುವ ಭಯವೂ ಇದೆ.
— ಹೋಂಸ್ಟೇ ನಡೆಸುವವರು, ಮಡಿಕೇರಿ

ಭಯ ಬೇಡ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿ ನೀರಿನಲ್ಲಿ ನೆನೆಸಿ, ಸಿಹಿ ರಸ ಬಸಿದುಕೊಳ್ಳುತ್ತಾರೆ. ಚರಟ ಅಲ್ಲೇ ಬೇರೆಯಾಗುತ್ತದೆ. ಯೀಸ್ಟ್ ಹಾಕುವುದು, ಅಮಲು ಹುಟ್ಟುವುದು ಆ ರಸದಲ್ಲಿ, ಆಮೇಲೆ. ತಾಜಾ ಚರಟದಲ್ಲಿ ಮದ್ಯ ಇರುವುದಿಲ್ಲ.

ಮಗ ಹೇಳಿದ್ದು ಸರಿ. ಪಿಷ್ಟವೆಲ್ಲ ರಸಕ್ಕೆ ಹೋಗಿರುವುದರಿಂದ ಉಳಿದದ್ದರಲ್ಲಿ ಪ್ರೋಟೀನ್, ನಾರು ಹೆಚ್ಚು. ಒಣಗಿಸಿದ ತೂಕದಲ್ಲಿ ಪ್ರೋಟೀನ್ ಶೇ 20ರಿಂದ 30. ಆದರೆ ಬರುವಾಗ ಅದರಲ್ಲಿ ಶೇ 75ಕ್ಕಿಂತ ಹೆಚ್ಚು ನೀರೇ. ಒಂದೆರಡು ದಿನದಲ್ಲಿ ಹುಳಿತು ಬೂಸ್ಟು ಹಿಡಿಯುತ್ತದೆ. ಬೆಂಗಳೂರಿನಿಂದ ಮಡಿಕೇರಿಗೆ ಒದ್ದೆ ಚೀಲ ತರಬೇಡಿ, ಅದರಲ್ಲೂ ಮಳೆಗಾಲದಲ್ಲಿ. ಅಲ್ಲೇ ಬಟ್ಟೆಯಲ್ಲಿ ಹಿಂಡಿ, ಓವನ್ನಿನಲ್ಲೋ ಒಣಗಿಸುವ ಪೆಟ್ಟಿಗೆಯಲ್ಲೋ 70 ಡಿಗ್ರಿಯಲ್ಲಿ ಗರಿಗರಿ ಒಣಗಿಸಿ ಕಳಿಸಲಿ. ಊರಿನ ಏಲಕ್ಕಿ ಒಣಗಿಸುವ ಗೂಡಿನಲ್ಲಿ ಒಣಗಿಸಿದರೆ ಏಲಕ್ಕಿ ವಾಸನೆ ಬಿಡುವುದೇ ಇಲ್ಲ. ಬಿಸ್ಕತ್ತಿಗೆ ಅದು ಇಷ್ಟವಾದರೆ ಸರಿ!

ಬೀಸಿದ ಹಿಟ್ಟನ್ನು ಬಿಸ್ಕತ್ತಿಗೆ ಶೇ 15ರ ತನಕ ಹಾಕಬಹುದು. ಬಿಸ್ಕತ್ತು ಉಬ್ಬಬೇಕಿಲ್ಲವಾದ್ದರಿಂದ ಬ್ರೆಡ್ಡಿಗಿಂತ ಸುಲಭ. ಬೆಲ್ಲ, ಕರಿಮೆಣಸು, ಸ್ವಲ್ಪ ಕಾಡು ಜೇನು ಇದರ ಹುರಿದ ರುಚಿಗೆ ಚೆನ್ನಾಗಿ ಒಗ್ಗುತ್ತವೆ. ಅತಿಥಿಗಳಲ್ಲಿ ಗ್ಲುಟನ್ ಆಗದವರಿದ್ದರೆ ಮಾತ್ರ ಕೊಡಬೇಡಿ. ಬಾರ್ಲಿಯ ಪ್ರೋಟೀನೂ ಅವರಿಗೆ ಆಗುವುದಿಲ್ಲ.

ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ತೌಡಿನಿಂದ ಪ್ರೋಟೀನನ್ನೇ ಬೇರ್ಪಡಿಸಿ ಬೇಕರಿಗಳಿಗೆ ಮಾರುವ ಯೋಚನೆ ಇದೆ. ಮನೆಯಲ್ಲಿ ಪ್ರಯೋಗ ಮಾಡಬಹುದೇ?
— ಪೊನ್ನಂಪೇಟೆ

ಯೋಚನೆ ತುಂಬಾ ಚೆನ್ನಾಗಿದೆ, ಬಿಡಬೇಡಿ. ಕ್ರಮ ಹೀಗೆ: ಮೊದಲು ಎಣ್ಣೆ ತೆಗೆಯುತ್ತಾರೆ. ಉಳಿದ ತೌಡನ್ನು ಪಿಎಚ್ (ಹುಳಿ, ಕ್ಷಾರದ ಅಳತೆ) 9ರ ಆಸುಪಾಸಿನ ಕ್ಷಾರ ನೀರಿನಲ್ಲಿ ಕಲಕುತ್ತಾರೆ, ಪ್ರೋಟೀನ್ ಕರಗುತ್ತದೆ. ಸೋಸಿ, ಆಮ್ಲ ಹಾಕಿ ಪಿಎಚ್ 4.5ರ ಹತ್ತಿರ ತಂದರೆ ಹಾಲು ಒಡೆದ ಹಾಗೆ ಪ್ರೋಟೀನ್ ಗಟ್ಟಿಯಾಗಿ ಕೆಳಗೆ ಕೂರುತ್ತದೆ. ತೊಳೆದು ಒಣಗಿಸುತ್ತಾರೆ.

ತೊಡಕು ಎಲ್ಲಿದೆ ಅಂದರೆ, ತೌಡು ಕೆಡದಂತೆ ನಾವು ಕೊಡುವ ಅದೇ ಬಿಸಿ ಪ್ರೋಟೀನನ್ನು ಕರಗದಂತೆ ಮಾಡುತ್ತದೆ. ಹಬೆ ಜಾಸ್ತಿ ಕೊಟ್ಟರೆ ತೌಡು ಉಳಿಯುತ್ತದೆ, ಪ್ರೋಟೀನ್ ಸಿಗುವುದಿಲ್ಲ. ಕಡಿಮೆ ಕೊಟ್ಟರೆ ಕಮಟು. ಹೊರಪದರದ ಪ್ರೋಟೀನ್ ನಾರಿನ ಜೊತೆ, ಫೈಟಿಕ್ ಆಮ್ಲದ ಜೊತೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ ಬೇರೆ. ಅದಕ್ಕೇ ಸಂಶೋಧಕರು ಕಿಣ್ವ ಹಾಕಿ ಬಿಡಿಸುವ ದಾರಿ ಹುಡುಕುತ್ತಾರೆ. ಕ್ಷಾರ ತೀರಾ ಹೆಚ್ಚಾದರೆ ಲೈಸಿನ್ನೇ ಹಾಳಾಗುತ್ತದೆ, ಆಗ ಇಷ್ಟೆಲ್ಲ ಮಾಡಿದ್ದು ಯಾಕೆ?

ಮನೆಯಲ್ಲಿ ಕ್ಷಾರಕ್ಕೆ ಬಳಸುವ ಕಾಸ್ಟಿಕ್ ಸೋಡಾ, ಎಣ್ಣೆ ತೆಗೆಯಲು ಬಳಸುವ ಹೆಕ್ಸೇನ್ ಮುಟ್ಟಬೇಡಿ. ಎರಡೂ ಅಪಾಯ, ಹೆಕ್ಸೇನ್ ಆವಿಗೆ ಬೆಂಕಿ ಹಿಡಿಯುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ, ಗುರುಗಳ ಎದುರು ಮಾಡಿ. ಲ್ಯಾಬಿನಲ್ಲಿ ಸಾರಜನಕ ಅಳೆದು, ಅದನ್ನು ಗುಣಿಸಿ ಪ್ರೋಟೀನ್ ಲೆಕ್ಕ ಹಾಕುತ್ತಾರೆ; ಆಗ 6.25ರಿಂದ ಗುಣಿಸಬೇಡಿ. ಅಕ್ಕಿಗೆ 5.95 ಬಳಸುತ್ತಾರೆ, ಇಲ್ಲವಾದರೆ ಅಂಕಿ ಸುಳ್ಳೇ ಉಬ್ಬುತ್ತದೆ.

ತೌಡು ಬಡವರ ತಿನಿಸು, ದನದ ತಿನಿಸು ಅಂತ ಅತ್ತೆ ಬೈಯುತ್ತಾರೆ. ಏನು ಹೇಳಲಿ?
— ಓದುಗರು, ಭಾಗಮಂಡಲ

ಅವರ ಹತ್ತಿರ ಕೂತು ಕೋಳಿಯ ಕಥೆ ಹೇಳಿ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಅನ್ನುವ ಡಚ್ ವೈದ್ಯರು ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದರು. ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋತು ಬಿದ್ದವು. ತೌಡು ಇರುವ ಅಕ್ಕಿ ಕೊಟ್ಟಾಗ ಎದ್ದು ಓಡಾಡಿದವು. ಆ ತೌಡಿನಲ್ಲಿದ್ದದ್ದು ಬಿ1 ವಿಟಮಿನ್ ಅಂತ ಆಮೇಲೆ ಗೊತ್ತಾಯಿತು. ಐಕ್‌ಮನ್ ಅವರಿಗೆ 1929ರಲ್ಲಿ ನೊಬೆಲ್ ಬಂತು. ಅತ್ತೆಯವರ ಕಾಲದಲ್ಲಿ ಮನೆಯಲ್ಲೇ ಒನಕೆಯಲ್ಲಿ ಕುಟ್ಟಿದ ಅಕ್ಕಿ ತಿನ್ನುತ್ತಿದ್ದರಲ್ಲ, ಅದರಲ್ಲಿ ತೌಡು ಒಂದಷ್ಟು ಉಳಿದೇ ಇರುತ್ತಿತ್ತು. ಅವರು ಅದನ್ನು ತಿಂದೇ ಬೆಳೆದವರು.

ಮಳೆಗಾಲಕ್ಕೆ ತೌಡಿನ ಬಿಸ್ಕತ್ತು ಮಾಡಿ ಇಟ್ಟುಕೊಳ್ಳಬಹುದೇ?
— ಶಾಂತಳ್ಳಿ

ಬೇಡ. ಎಣ್ಣೆ ಇರುವ ತೌಡು, ಅದರ ಮೇಲೆ ಬೆಣ್ಣೆ, ಅದರ ಮೇಲೆ ನಿಮ್ಮೂರ ಮಳೆ. ಮೂರು ವಾರಕ್ಕೆ ಕಮಟು. ಮಳೆಗಾಲದಲ್ಲಿ ಬನ್ನು, ಬ್ರೆಡ್ಡು ಮಾಡಿ ಅದೇ ದಿನ ತಿನ್ನಿ. ಬಿಸ್ಕತ್ತು ಡಿಸೆಂಬರಿಗೆ ಇರಲಿ.

ಎಲ್ಲರೂ ತೌಡು ತಿನ್ನಲು ಶುರು ಮಾಡಿದರೆ ನಮ್ಮ ಹಸುಗಳಿಗೆ ಏನು? ಈಗಲೇ ಮೂಟೆಗೆ ಬೆಲೆ ಏರಿದೆ.
— ಹೈನುಗಾರರು, ನಾಪೋಕ್ಲು

ನ್ಯಾಯವಾದ ಪ್ರಶ್ನೆ. ಬೇಕರಿಗೆ ಬೇಕಾದದ್ದು ಎಷ್ಟು ಅಂತ ನೋಡಿ. ದಿನಕ್ಕೆ 50 ಕೆಜಿ ಹಿಟ್ಟು ನಾದುವ ಬೇಕರಿ ಶೇ 7ರಂತೆ ಹಾಕಿದರೂ ಮೂರೂವರೆ ಕೆಜಿ ತೌಡು. ಹಲ್ಲರ್ ಮಿಲ್ಲಿನ ತೌಡು ನಮಗೆ ಬರುವುದೇ ಇಲ್ಲ, ಅದು ಪೂರ್ತಿ ನಿಮ್ಮ ಕೊಟ್ಟಿಗೆಗೆ. ನಾವು ಜರಡಿ ಹಿಡಿದ ಮೇಲೆ ಉಳಿದದ್ದೂ ಹಸುವಿಗೇ. ಬೆಲೆ ಏರುವುದಕ್ಕೆ ನಾನು ನೋಡಿದ ಮಟ್ಟಿಗೆ ದೊಡ್ಡ ಕಾರಣ ಬೇರೆ. ದೊಡ್ಡ ಮಿಲ್ಲುಗಳ ತೌಡು ಎಣ್ಣೆ ಕಾರ್ಖಾನೆಗೆ ಹೋಗುತ್ತದೆ. ನಮ್ಮಲ್ಲಿ ಗದ್ದೆ ಬೀಳು ಬಿದ್ದು ಭತ್ತವೇ ಕಡಿಮೆಯಾಗಿದೆ. ಗದ್ದೆ ಉಳಿದರೆ ಹಸುವಿಗೂ ಬನ್ನಿಗೂ ತೌಡು ಇದೆ. ನೀವು, ಮಿಲ್ಲಿನವರು, ಬೇಕರಿಯವರು ಒಂದು ಕಡೆ ಕೂತು ಹಂಗಾಮಿಗೆ ಮೊದಲೇ ಬೆಲೆ ಮಾತಾಡಿಕೊಳ್ಳುವುದು ಒಳ್ಳೆಯದು. ನಾಪೋಕ್ಲಿನಲ್ಲಿ ಅಂಥ ಸಭೆ ಕರೆದರೆ ನಾನು ಬರುತ್ತೇನೆ. ನಮ್ಮ ಕಡೆಯ ಮಿಲ್ಲಿನವರನ್ನೂ ಕರೆತರುತ್ತೇನೆ.